ಇಎಂಡಿಆರ್ ಟ್ರಾಮಾ ಥೆರಪಿ: ಉತ್ತರ ಕನ್ನಡದವರು ಶುರು ಮಾಡುವ ಮೊದಲು ಕೇಳಿ ತಿಳಿದುಕೊಳ್ಳಬೇಕಾದದ್ದು

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ರಸ್ತೆ ಅಪಘಾತ, ಗುಡ್ಡ ಕುಸಿತ, ದೋಣಿ ದುರಂತ, ಹಲ್ಲೆ, ಲೈಂಗಿಕ ದೌರ್ಜನ್ಯ, ಇಂಥದ್ದೊಂದು ನಡೆದು ತಿಂಗಳುಗಳೇ ಕಳೆದಿವೆ, ಆದರೂ ಅದು ಈಗಲೇ ಆಗುತ್ತಿದೆಯೇನೋ ಎಂಬಂತೆ ಮೈ ಬೆಚ್ಚುತ್ತದೆ, ನಿದ್ದೆ ಒಡೆಯುತ್ತದೆ, ಆ ದಾರಿಯಲ್ಲಿ ಹೋಗಲಾಗುವುದಿಲ್ಲ ಎಂದಾದರೆ ಇಎಂಡಿಆರ್ ಎಂಬ ಮಾನಸಿಕ ಚಿಕಿತ್ಸೆಗೆ ದುಡ್ಡು, ಸಮಯ ಎರಡನ್ನೂ ಧೈರ್ಯವಾಗಿ ಹಾಕಬಹುದು. ಆದರೆ ಕಣ್ಣೆದುರು ಬೆರಳು ಆಡಿಸುವುದು ಈ ಚಿಕಿತ್ಸೆಯ ಅತಿ ಸಣ್ಣ ಭಾಗ. ಬೆರಳು ಏಳುವುದಕ್ಕೂ ಮುಂಚಿನ ತಯಾರಿ, ಆಡಿಸುವವರ ತರಬೇತಿ, ಸೆಷನ್ ಮುಗಿದ ಮೇಲೆ ನೀವು ಮನೆ ಮುಟ್ಟುವ ಬಗೆ, ಈ ಮೂರು ಸರಿ ಇಲ್ಲದಿದ್ದರೆ ಒಳ್ಳೆಯ ಚಿಕಿತ್ಸೆಯೂ ಗಾಯ ಕೆದಕಿ ಬಿಟ್ಟಂತಾಗುತ್ತದೆ.

ಪೂರ್ತಿ ಹೆಸರು ಐ ಮೂವ್‌ಮೆಂಟ್ ಡಿಸೆನ್ಸಿಟೈಸೇಶನ್ ಅಂಡ್ ರೀಪ್ರೊಸೆಸಿಂಗ್, ಅಂದರೆ ಕಣ್ಣಿನ ಚಲನೆಯ ಜೊತೆಗೆ ಕೆಟ್ಟ ನೆನಪಿನ ಕಾವು ಇಳಿಸಿ ಅದನ್ನು ಮನಸ್ಸಿನಲ್ಲಿ ಹೊಸದಾಗಿ ಜೋಡಿಸಿಕೊಳ್ಳುವುದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪಿರೊ 1987ರಲ್ಲಿ ಇದರ ಮೂಲ ಎಳೆ ಹಿಡಿದರು, 1989ರಲ್ಲಿ ಮೊದಲ ಅಧ್ಯಯನ ಪ್ರಕಟಿಸಿದರು. ಆಗ ಅನುಮಾನಪಟ್ಟವರೇ ಹೆಚ್ಚು. ಮುಂದೆ ನಡೆದ ಪ್ರಯೋಗಗಳ ಬಲದಿಂದ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಪಿಟಿಎಸ್‌ಡಿಗೆ (ಆಘಾತದ ನಂತರ ಬಿಡದೆ ಕಾಡುವ ಮಾನಸಿಕ ತೊಂದರೆ) ಟ್ರಾಮಾ ಕೇಂದ್ರಿತ ಸಿಬಿಟಿಯ (ಆಘಾತದ ಸುತ್ತಲಿನ ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಜೊತೆಗೆ ಇದನ್ನೂ ಸೂಚಿಸಿತು. ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ, ಯುದ್ಧಕ್ಕೆ ಸಂಬಂಧಿಸದ ಆಘಾತವಾಗಿ ಮೂರು ತಿಂಗಳು ದಾಟಿದ ವಯಸ್ಕರಿಗೆ ಇದನ್ನು ಕೊಡಿ ಎನ್ನುತ್ತದೆ. ಸಾಮಾನ್ಯವಾಗಿ 8ರಿಂದ 12 ಸೆಷನ್ ಎಂದೂ ಹೇಳುತ್ತದೆ.

ಕೆಲಸ ಮಾಡುವುದು ಹೇಗೆ? ನೆನಪನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಓಡಾಡುವ ಬೆರಳನ್ನೂ ಕಣ್ಣಿನಿಂದ ಹಿಂಬಾಲಿಸಬೇಕಾದಾಗ ಗಮನ ಎರಡು ಪಾಲಾಗುತ್ತದೆ; ಎರಡನ್ನೂ ಪೂರ್ತಿ ಬಲದಿಂದ ಹಿಡಿಯಲು ಮನಸ್ಸಿಗೆ ಆಗುವುದಿಲ್ಲ, ನೆನಪಿನ ಚಿತ್ರ ಮಸುಕಾಗಿ ಅದರ ಕಾವು ಇಳಿಯುತ್ತದೆ. ಹೆಚ್ಚು ಪ್ರಯೋಗಗಳ ಬೆಂಬಲ ಇರುವುದು ಈ ವಿವರಣೆಗೆ. ಕಣ್ಣಿನ ಚಲನೆ ಇಲ್ಲದೆಯೂ ಇಷ್ಟೇ ಫಲ ಸಿಗುತ್ತದೆಯೇ ಎಂಬ ವಾದ ಸಂಶೋಧಕರ ನಡುವೆ ಇನ್ನೂ ಮುಗಿದಿಲ್ಲ. ಹೀಗಿರುವಾಗ ‘ನಿಮ್ಮ ಎಡ ಮೆದುಳು ಬಲ ಮೆದುಳು ಜೋಡಿಸಿ ಕೊಡುತ್ತೇವೆ’ ಎಂದು ಗ್ಯಾರಂಟಿ ಕೊಡುವವರ ಜಾಹೀರಾತು ಕಂಡರೆ ದೂರ ಇರಿ. ಇದು ಹಿಪ್ನೊಟಿಸಂ ಅಲ್ಲ, ಉದ್ದಕ್ಕೂ ಎಚ್ಚರವಾಗಿಯೇ ಇರುತ್ತೀರಿ. ನೆನಪು ಅಳಿಸಿಹೋಗುವುದೂ ಇಲ್ಲ. ಆದದ್ದು ಆಯಿತು ಎಂದು ಗೊತ್ತಿರುತ್ತದೆ, ಮೈ ಮಾತ್ರ ಬೆಚ್ಚುವುದನ್ನು ನಿಲ್ಲಿಸುತ್ತದೆ.

ಈಗ ಸೆಷನ್ನಿನ ಒಳಗೆ ಹೋಗೋಣ. ಚಿಕಿತ್ಸೆಗೆ ಒಟ್ಟು ಎಂಟು ಹಂತ. ಮೊದಲೆರಡು ಹಂತ, ಅಂದರೆ ಹಿನ್ನೆಲೆ ಕೇಳುವುದು ಮತ್ತು ತಯಾರಿ, ಸಾಮಾನ್ಯವಾಗಿ ಒಂದರಿಂದ ಮೂರು ಸೆಷನ್ ತೆಗೆದುಕೊಳ್ಳುತ್ತವೆ. ಚಿಕ್ಕಂದಿನಿಂದ ಹಿಂಸೆ ಕಂಡವರಿಗೆ ತಿಂಗಳುಗಟ್ಟಲೆ ಆಗಬಹುದು. ‘ಮೊದಲ ದಿನವೇ ಬೆರಳು ಶುರು ಮಾಡಲಿಲ್ಲ, ದುಡ್ಡು ದಂಡ’ ಎಂದು ಬೇಸರ ಮಾಡಿಕೊಳ್ಳುವವರಿದ್ದಾರೆ. ಮೊದಲ ದಿನವೇ ಶುರು ಮಾಡಿದರೆ ಎದ್ದು ಬನ್ನಿ, ಅದೇ ಸರಿಯಾದ ಕೆಲಸ. ತಯಾರಿಯಲ್ಲಿ ಮನಸ್ಸು ಶಾಂತವಾಗುವ ಒಂದು ಜಾಗವನ್ನು ನೆನಪಿನಲ್ಲಿ ಗಟ್ಟಿ ಮಾಡಿಸುತ್ತಾರೆ. ಇಲ್ಲಿ ನಮ್ಮದೊಂದು ಸಲಹೆ: ಸಮುದ್ರದಲ್ಲಿ ಯಾರನ್ನೋ ಕಳೆದುಕೊಂಡವರು ಕಡಲ ದಂಡೆಯನ್ನು ಆರಿಸಬಾರದು. ಥೆರಪಿಸ್ಟ್ ಹೊರಗಿನವರಾದರೆ ಕರಾವಳಿಯವರಿಗೆ ‘ಬೀಚ್’ ಎಂದರೆ ನೆಮ್ಮದಿ ಎಂದುಕೊಂಡು ಅದನ್ನೇ ಸೂಚಿಸಬಹುದು. ಅಡಿಕೆ ತೋಟದ ನೆರಳು, ಅಜ್ಜನ ಮನೆಯ ಜಗಲಿ, ದೇವಸ್ಥಾನದ ಹಿಂದಿನ ಕೆರೆ ಕಟ್ಟೆ, ಕೆಟ್ಟ ನೆನಪಿನ ಸೋಂಕು ಇಲ್ಲದ ಯಾವುದಾದರೂ ಆದೀತು. ಕೆದಕಿದ್ದನ್ನು ಮುಂದಿನ ವಾರದವರೆಗೆ ಮುಚ್ಚಿಡಲು ಗಟ್ಟಿ ಮುಚ್ಚಳದ ಪೆಟ್ಟಿಗೆಯೊಂದನ್ನು ಕಲ್ಪಿಸಿಕೊಳ್ಳುವ ಅಭ್ಯಾಸ ಇರುತ್ತದೆ. ಸಾಕು ಅನ್ನಿಸಿದಾಗ ಕೈ ಎತ್ತುವ ಸನ್ನೆ ಗೊತ್ತುಮಾಡಿಕೊಳ್ಳುತ್ತಾರೆ. ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟು ಒಂದಾದ ಮೇಲೊಂದರಂತೆ ನಿಧಾನ ತಟ್ಟಿಕೊಳ್ಳುವ ‘ಬಟರ್‌ಫ್ಲೈ ಹಗ್’ ಕಲಿಸುತ್ತಾರೆ. ಇವನ್ನೆಲ್ಲ ಮನೆಯಲ್ಲಿ ದಿನಕ್ಕೆರಡು ಸಲ ಮಾಡಿ, ನಿಮ್ಮನ್ನು ನೀವೇ ಶಾಂತ ಮಾಡಿಕೊಳ್ಳಲು ಬರುತ್ತದೆ ಎಂದು ಖಾತ್ರಿಯಾದ ಮೇಲೇ ಮುಂದಿನ ಹೆಜ್ಜೆ.

ಮೂರನೇ ಹಂತದಲ್ಲಿ ಒಂದು ನೆನಪನ್ನು ಆರಿಸಿ ಬಿಡಿಸುತ್ತಾರೆ. ಉದಾಹರಣೆಗೆ, ಅರಬೈಲ್ ಘಟ್ಟದಲ್ಲಿ ಬೈಕ್ ಲಾರಿಗೆ ಬಡಿದು, ಹಿಂದೆ ಕೂತವರು ತೀರಿಕೊಂಡು, ಓಡಿಸುತ್ತಿದ್ದವರು ಬದುಕಿದ್ದಾರೆ ಎಂದುಕೊಳ್ಳಿ. ಅತಿ ಕೆಟ್ಟ ಚಿತ್ರ ಯಾವುದು? ರಸ್ತೆಯ ಮೇಲೆ ಉರುಳುತ್ತಿರುವ ಹೆಲ್ಮೆಟ್. ಅದನ್ನು ನೋಡುವಾಗ ನಿಮ್ಮ ಬಗ್ಗೆ ಏನನ್ನಿಸುತ್ತದೆ? ‘ತಪ್ಪು ನನ್ನದೇ’. ಅದರ ಬದಲು ಏನು ನಂಬಲು ಇಷ್ಟಪಡುತ್ತೀರಿ? ‘ನನ್ನಿಂದ ಆದದ್ದು ನಾನು ಮಾಡಿದ್ದೆ’. ಆ ಮಾತು ಈಗ ಎಷ್ಟು ನಿಜ ಅನ್ನಿಸುತ್ತದೆ, ಒಂದರಿಂದ ಏಳರೊಳಗೆ? ಎರಡು. ಸಂಕಟ ಎಷ್ಟು, ಸೊನ್ನೆಯಿಂದ ಹತ್ತರೊಳಗೆ? ಒಂಬತ್ತು. ಮೈಯಲ್ಲಿ ಎಲ್ಲಿ? ಎದೆ ಬಿಗಿ, ಅಂಗೈ ತಣ್ಣಗೆ. ಹೀಗೆ ಅಂಕಿ ಬರೆದಿಟ್ಟುಕೊಳ್ಳುವುದು ಶಾಸ್ತ್ರಕ್ಕಲ್ಲ, ಚಿಕಿತ್ಸೆ ಮುಂದೆ ಹೋಗುತ್ತಿದೆಯೇ ನಿಂತಿದೆಯೇ ಎಂದು ಗೊತ್ತಾಗುವುದೇ ಇದರಿಂದ. ಜನ ಎಡವುವುದು ‘ನಿಮ್ಮ ಬಗ್ಗೆ ಏನನ್ನಿಸುತ್ತದೆ’ ಎಂಬಲ್ಲಿ. ‘ಲಾರಿಯವ ಅಡ್ಡ ಬಂದ’ ಎಂಬುದು ನಡೆದ ಸಂಗತಿ. ‘ನನಗೆ ಭಯ’ ಎಂಬುದು ಭಾವನೆ. ‘ನಾನು ಕೈಲಾಗದವನು’, ‘ನಾನು ಈಗಲೂ ಅಪಾಯದಲ್ಲಿದ್ದೇನೆ’, ಇಂಥ ನಂಬಿಕೆ ಸಿಗುವವರೆಗೆ ಥೆರಪಿಸ್ಟ್ ತಾಳ್ಮೆಯಿಂದ ಕೇಳಬೇಕು. ತಪ್ಪಾಗಿ ಹಿಡಿದರೆ ಮುಂದಿನ ಅರ್ಧ ಕೆಲಸ ಹಾಳು.

ನಾಲ್ಕನೇ ಹಂತದಲ್ಲಿ ಬೆರಳು. ಥೆರಪಿಸ್ಟ್ ನೇರ ಎದುರಿಗೆ ಕೂರದೆ ಸ್ವಲ್ಪ ಓರೆಯಾಗಿ, ನಿಮ್ಮ ಪಕ್ಕಕ್ಕೆ ಕುರ್ಚಿ ಹಾಕಿಕೊಳ್ಳುತ್ತಾರೆ. ಮುಖದಿಂದ ಸುಮಾರು ಒಂದಡಿ ದೂರದಲ್ಲಿ ಎರಡು ಬೆರಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡುತ್ತವೆ. ತಲೆ ಅಲ್ಲಾಡಬಾರದು, ಕಣ್ಣು ಮಾತ್ರ. ಸುಮಾರು 24 ಸುತ್ತು, ಅರ್ಧ ನಿಮಿಷದ ಹತ್ತಿರ. ನಿಲ್ಲಿಸಿ, ‘ಉಸಿರು ಬಿಡಿ, ಈಗ ಏನು ಬಂತು?’ ಎನ್ನುತ್ತಾರೆ. ‘ಹಾರ್ನ್ ಕೇಳಿಸಿತು’ ಎಂದು ಒಂದೇ ವಾಕ್ಯ ಸಾಕು. ‘ಅದರ ಜೊತೆಗೇ ಹೋಗಿ’ ಎಂದು ಮತ್ತೆ ಶುರು. ಒಂದು ಸೆಷನ್ನಿನಲ್ಲಿ ಇಂಥ ಸೆಟ್‌ಗಳು ಹತ್ತಾರು. ನಡುನಡುವೆ ಉಪದೇಶ ಮಾಡುವ, ಪ್ರತಿ ಸೆಟ್ಟಿಗೂ ಅರ್ಥ ಬಿಡಿಸಿ ಹೇಳುವ ಥೆರಪಿಸ್ಟ್ ಇದ್ದರೆ ಓಟ ಕಡಿದುಹೋಗುತ್ತದೆ. ಸಂಕಟ ಸೊನ್ನೆಗೋ ಒಂದಕ್ಕೋ ಇಳಿದ ಮೇಲೆ ಒಳ್ಳೆಯ ನಂಬಿಕೆಯನ್ನು ಗಟ್ಟಿ ಮಾಡುವುದು, ತಲೆಯಿಂದ ಪಾದದವರೆಗೆ ಮೈಯಲ್ಲಿ ಬಿಗಿ ಉಳಿದಿದೆಯೇ ನೋಡುವುದು, ಕಡೆಗೆ ಸೆಷನ್ ಮುಚ್ಚುವುದು. ಎಂಟನೇ ಹಂತ ಮುಂದಿನ ಭೇಟಿಯ ಶುರುವಿನಲ್ಲಿ ನಡೆಯುವ ಮರುಪರೀಕ್ಷೆ.

ನಮ್ಮ ಜಿಲ್ಲೆಯವರಿಗೆ ಇದರಲ್ಲೊಂದು ದೊಡ್ಡ ಅನುಕೂಲವಿದೆ. ಘಟನೆಯನ್ನು ವಿವರವಾಗಿ ಬಾಯಿಬಿಟ್ಟು ಹೇಳಲೇಬೇಕು ಎಂದಿಲ್ಲ. ಊರು ಸಣ್ಣದು, ಎಲ್ಲರಿಗೂ ಎಲ್ಲರೂ ಗೊತ್ತು ಎಂದು ಹಿಂಜರಿಯುವವರು, ಅದರಲ್ಲೂ ಹೆಂಗಸರು, ಚಿತ್ರವನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಚಿಕಿತ್ಸೆ ಪಡೆಯಬಹುದು. ಮನೆಮಾತು ಕೊಂಕಣಿಯೋ ನವಾಯತಿಯೋ ಹವ್ಯಕವೋ ಆಗಿದ್ದು ಥೆರಪಿಸ್ಟರಿಗೆ ಅದು ಬಾರದಿದ್ದರೂ ನಡೆಯುತ್ತದೆ: ಆ ಕೆಟ್ಟ ನಂಬಿಕೆ ಯಾವ ಭಾಷೆಯಲ್ಲಿ ಬರುತ್ತದೋ ಅದೇ ಭಾಷೆಯಲ್ಲಿ ಮನಸ್ಸಿನೊಳಗೆ ಹೇಳಿಕೊಳ್ಳಿ, ಕನ್ನಡದಲ್ಲಿ ಅಂಕಿ ಮಾತ್ರ ಕೊಡಿ. ಹಾಗೆಯೇ, ಮನೆಯಲ್ಲಿ ಬರೆದು ತರುವ ಅಭ್ಯಾಸ ಸಿಬಿಟಿಯಷ್ಟು ಇಲ್ಲ. ಓದು ಬರಹ ಕಡಿಮೆ ಇರುವವರಿಗೂ ಒಗ್ಗುತ್ತದೆ.

ಕೆಡುವುದು ಎಲ್ಲೆಲ್ಲಿ? ಹೆಚ್ಚಾಗಿ ಗಡಿಯಾರದಲ್ಲಿ. ಇದಕ್ಕೆ 60ರಿಂದ 90 ನಿಮಿಷ ಬೇಕು. 40 ನಿಮಿಷದ ಕೌನ್ಸೆಲಿಂಗ್ ಹೊತ್ತಿನಲ್ಲಿ ತುರುಕಿದರೆ ಸಂಕಟ ಎಂಟರಲ್ಲಿರುವಾಗಲೇ ‘ಮುಂದಿನ ವಾರ ನೋಡೋಣ’ ಎಂದಾಗುತ್ತದೆ. ಕೆಲಸ ಅರ್ಧಕ್ಕೆ ನಿಲ್ಲುವುದೇ ತಪ್ಪಲ್ಲ, ಎಷ್ಟೋ ಸೆಷನ್ ಹಾಗೇ ನಿಲ್ಲುತ್ತವೆ. ಕೊನೆಯ ಹತ್ತು ಹದಿನೈದು ನಿಮಿಷ ಶಾಂತ ಜಾಗ, ಪೆಟ್ಟಿಗೆ, ಉಸಿರಾಟಕ್ಕೆ ಮೀಸಲಿಡದೆ ಹೊರಗೆ ಕಳಿಸುವುದು ತಪ್ಪು. ಎರಡನೆಯದು, ಒಂದೇ ಚಿತ್ರ ಸುತ್ತಿ ಸುತ್ತಿ ಬರುವುದು, ಅಂಕಿ ಇಳಿಯದಿರುವುದು. ಆಗ ಅನುಭವಿಗಳು ಬೆರಳಿನ ವೇಗ ಅಥವಾ ದಿಕ್ಕು ಬದಲಿಸುತ್ತಾರೆ. ಆಗದಿದ್ದರೆ ‘ಅದೇ ಜಾಗದಲ್ಲಿ ನಿಮ್ಮ ತಮ್ಮ ಇದ್ದಿದ್ದರೆ ಅವನಿಗೂ ತಪ್ಪು ನಿನ್ನದೇ ಅನ್ನುತ್ತಿದ್ದಿರಾ?’ ಎಂಬಂಥ ಒಂದೇ ಪ್ರಶ್ನೆ ಹಾಕಿ ಮತ್ತೆ ಓಟಕ್ಕೆ ಬಿಡುತ್ತಾರೆ. ಅದೂ ಆಗದಿದ್ದರೆ ಅಡಿಯಲ್ಲಿ ಹಳೆಯ ನೆನಪೊಂದು ಕೂತಿದೆಯೇ ಎಂದು ಹುಡುಕುತ್ತಾರೆ. ಅರ್ಧಂಬರ್ಧ ಕಲಿತವರು ಬೆರಳು ಆಡಿಸುತ್ತಲೇ ಇರುತ್ತಾರೆ. ಮೂರನೆಯದು ಹೆಚ್ಚು ಅಪಾಯದ್ದು: ಕಣ್ಣು ಶೂನ್ಯ ನೋಡತೊಡಗುತ್ತದೆ, ಕೈಕಾಲು ತನ್ನದಲ್ಲ ಅನ್ನಿಸುತ್ತದೆ, ಎಲ್ಲಿದ್ದೇನೆ ಎಂಬುದು ತಪ್ಪುತ್ತದೆ. ಇದಕ್ಕೆ ಡಿಸೋಸಿಯೇಶನ್ ಎನ್ನುತ್ತಾರೆ. ಇಂಥ ಪ್ರವೃತ್ತಿ ಇದೆಯೇ ಎಂದು ಮೊದಲೇ ಪ್ರಶ್ನಾವಳಿ ಕೊಟ್ಟು ನೋಡಬೇಕು. ನೋಡದೆ ಶುರು ಮಾಡಿದವರ ಬಳಿ ಮುಂದುವರಿಯಬೇಡಿ. ತಲೆಸುತ್ತು, ಕಣ್ಣು ನೋವು ಬಂದರೆ ಮಾತ್ರ ಗಾಬರಿ ಬೇಡ. ಅಂಗೈ ಮೇಲೆ ತಟ್ಟುವುದು, ಎರಡು ಕಿವಿಗೆ ಸರದಿಯಲ್ಲಿ ಶಬ್ದ ಕೇಳಿಸುವುದು ಎಂಬ ಬದಲಿ ದಾರಿಗಳಿವೆ.

ಸೆಷನ್ ಆದ ದಿನ, ಮರುದಿನ, ಕೆಲವರಿಗೆ ಮೂರನೇ ದಿನವೂ ದಣಿವು, ಗಟ್ಟಿ ಕನಸು, ಮರೆತಿದ್ದ ತುಣುಕುಗಳು ಏಳುವುದು, ಸುಮ್ಮನೆ ಅಳು ಬರುವುದು ಇರುತ್ತದೆ. ಮನೆಯವರಿಗೆ ಮೊದಲೇ ತಿಳಿಸಿ, ‘ಚಿಕಿತ್ಸೆಗೆ ಹೋಗಿ ಹೆಚ್ಚಾಯ್ತು’ ಎಂದು ಅವರು ನಿಲ್ಲಿಸಿಬಿಡಬಾರದು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಏನಾದಾಗ ಎದ್ದಿತು, ಚಿತ್ರ, ಯೋಚನೆ, ಭಾವನೆ, ಮೈಯಲ್ಲಿ ಎಲ್ಲಿ, ಅಂಕಿ ಎಷ್ಟು ಎಂದು ಒಂದೊಂದು ಸಾಲು ಬರೆದು ಮುಚ್ಚಿಡಿ. ಕೂತು ಅಗೆಯಬೇಡಿ. ಆ ದಿನ ಮದ್ಯ ಬೇಡ, ಜಮೀನು, ಮದುವೆ, ಕೆಲಸ ಬಿಡುವಂಥ ನಿರ್ಧಾರವೂ ಬೇಡ.

ಇಲ್ಲೇ ನಮ್ಮ ಭಾಗದ ಸಮಸ್ಯೆ ಶುರುವಾಗುವುದು. ತರಬೇತಾದವರು ಹೆಚ್ಚಾಗಿ ಘಟ್ಟದ ಆಚೆ ಅಥವಾ ಜಿಲ್ಲೆಯ ಗಡಿ ದಾಟಿದ ಮೇಲೆ. ಶಿರಸಿಯಿಂದ ಬಂದವರು ಸೆಷನ್ ಮುಗಿಸಿ ಸಂಜೆ ಮಬ್ಬಿನಲ್ಲಿ ದೇವಿಮನೆ ಘಟ್ಟ ಹತ್ತಿಸಿಕೊಂಡು ತಾವೇ ಕಾರು ಓಡಿಸುವುದು ಬೇಡವೇ ಬೇಡ. ಗಮನ ಒಳಗೆ ಎಳೆಯುತ್ತಿರುತ್ತದೆ. ಬಸ್ಸು, ರೈಲು, ಇಲ್ಲವೆ ಓಡಿಸಲು ಮತ್ತೊಬ್ಬರು. ಬೆಳಗಿನ ಸಮಯ ಕೇಳಿ ಪಡೆಯಿರಿ, ಮುಗಿದ ಮೇಲೆ ಊಟ ಮಾಡಿ ಒಂದು ತಾಸು ಕೂತು ಹೊರಡಿ. ಇನ್ನೊಂದು ಮಾತು ಥೆರಪಿಸ್ಟರಿಗೆ ಹೇಳದಿದ್ದರೆ ಅವರಿಗೆ ಹೊಳೆಯುವುದೇ ಇಲ್ಲ: ಕುಮಟಾ ಕಡೆಯವರು ಚಿಕಿತ್ಸೆಗೆಂದು ಹೆದ್ದಾರಿಯಲ್ಲಿ ಕಾರವಾರದ ಕಡೆಗೆ ಬರಬೇಕಾದರೆ 2024ರ ಜುಲೈ 16ರಂದು ಗುಡ್ಡ ಕುಸಿದ ಅಂಕೋಲಾ ತಾಲ್ಲೂಕಿನ ಶಿರೂರನ್ನೇ ಹಾದು ಬರಬೇಕು. ಆ ದುರಂತಕ್ಕೆ ಸಿಕ್ಕಿದವರು ಚಿಕಿತ್ಸೆಗೆ ಹೋಗುವಾಗಲೂ ಬರುವಾಗಲೂ ಅದೇ ಜಾಗ ನೋಡಿದರೆ ಮೊದಲ ವಾರಗಳಲ್ಲಿ ಮಾಡಿದ್ದೆಲ್ಲ ಅಲುಗಾಡುತ್ತದೆ. ಶುರುವಿಗೆ ರೈಲಿನಲ್ಲಿ ಬನ್ನಿ. ಹಳೆಯ ನೆನಪು ತಣ್ಣಗಾದ ಮೇಲೆ ಈಗಿನ ಪ್ರಚೋದನೆಗಳನ್ನು, ಅಂದರೆ ಈಗಲೂ ಮೈ ಬೆಚ್ಚಿಸುವ ಸದ್ದು, ಜಾಗಗಳಂಥವನ್ನು, ಆಮೇಲೆ ಮುಂದೆ ಆ ದಾರಿಯಲ್ಲಿ ಹೋಗುವ ಚಿತ್ರವನ್ನು ತೆಗೆದುಕೊಳ್ಳುವ ಕ್ರಮ ಇಎಂಡಿಆರ್‌ನಲ್ಲೇ ಇದೆ. ಆ ಹಂತ ಬಂದಾಗ ಬಸ್ಸು ಹತ್ತಬಹುದು.

ಮಳೆಗಾಲವನ್ನೂ ಲೆಕ್ಕ ಹಾಕಿ. ಕೆದಕುವ ಹಂತ ಶುರುವಾದ ಮೇಲೆ ವಾರಕ್ಕೊಂದಾದರೂ ಸೆಷನ್ ತಪ್ಪದೆ ನಡೆಯಬೇಕು. ಜುಲೈಯಲ್ಲಿ ರಸ್ತೆ ಬಂದ್ ಆಗಿ ಎರಡು ಮೂರು ವಾರ ತಪ್ಪಿದರೆ ಅರ್ಧ ತೆರೆದ ನೆನಪಿನ ಜೊತೆ ಮನೆಯಲ್ಲೇ ಕೂರಬೇಕಾಗುತ್ತದೆ, ಹೊರಗೆ ಅದೇ ಮಳೆಯ ಸದ್ದು. ದೂರದಿಂದ ಬರುವವರು ಜೂನ್‌ನಿಂದ ಆಗಸ್ಟ್‌ವರೆಗೆ ತಯಾರಿ ಮಾಡಿಕೊಂಡು ಮಳೆ ಇಳಿದ ಮೇಲೆ ಕೆದಕುವ ಕೆಲಸಕ್ಕೆ ಕೈ ಹಾಕುವುದು ಲೇಸು ಎಂಬುದು ನಮ್ಮ ಅಭಿಪ್ರಾಯ. ಹಾಗೆಂದು ಕಷ್ಟ ಜೋರಾಗಿದ್ದವರು ಕಾಯಬಾರದು. ಅಂಥವರು ಚಿಕಿತ್ಸೆ ಸಿಗುವ ಊರಿನಲ್ಲೇ ನೆಂಟರ ಮನೆ ನೋಡಿಕೊಂಡು ಕೆಲವು ವಾರ ಉಳಿದರೆ ಒಳ್ಳೆಯದು.

ಆನ್‌ಲೈನ್ ಆಗುತ್ತದೆಯೇ? ಆಗುತ್ತದೆ, ಶರತ್ತುಗಳಿವೆ. ಮೊಬೈಲಿನ ಸಣ್ಣ ಪರದೆಯಲ್ಲಿ ಕಣ್ಣು ಸಾಕಷ್ಟು ದೂರ ಓಡುವುದಿಲ್ಲ, ಲ್ಯಾಪ್‌ಟಾಪ್ ಬೇಕು, ಇಲ್ಲವೆ ಬಟರ್‌ಫ್ಲೈ ತಟ್ಟುವಿಕೆಯಲ್ಲೇ ಮಾಡಬೇಕು. ಸಿದ್ದಾಪುರ, ಜೋಯಿಡಾದ ಒಳಗಿನ ಊರುಗಳಲ್ಲಿ ಕರೆಂಟು ಹೋದೊಡನೆ ನೆಟ್ಟೂ ಹೋಗುತ್ತದೆ. ರೌಟರಿಗೆ ಬ್ಯಾಟರಿ ಬ್ಯಾಕಪ್ ಇಲ್ಲದೆ ಕೂರಬೇಡಿ. ನಡುವೆ ಕಡಿದರೆ ಯಾರು ಯಾರಿಗೆ ಫೋನ್ ಮಾಡುವುದು, ಅದೂ ಹತ್ತದಿದ್ದರೆ ನೀವೇ ಏನು ಮಾಡಿಕೊಳ್ಳುವುದು ಎಂದು ಮೊದಲ ದಿನವೇ ಬರೆದಿಟ್ಟುಕೊಳ್ಳಿ. ಬಾಗಿಲು ಹಾಕಿಕೊಳ್ಳುವ ಕೋಣೆ ಬೇಕು, ಕರೆದರೆ ಬರುವಷ್ಟು ದೂರದಲ್ಲಿ ನಂಬಿಕೆಯ ಒಬ್ಬರು ಬೇಕು. ಹಿಂಸೆ ಕೊಡುವವರೇ ಅದೇ ಮನೆಯಲ್ಲಿದ್ದರೆ ಆನ್‌ಲೈನ್ ಬೇಡ. ಅಂಥಲ್ಲಿ ಹಳೆಯ ನೆನಪು ತಣಿಸುವುದಕ್ಕಿಂತ ಮೊದಲು ನೀವು ಸುರಕ್ಷಿತವಾಗುವುದೇ ಚಿಕಿತ್ಸೆ.

ಇನ್ನೂ ಕೆಲವರು ಮೊದಲು ವೈದ್ಯರೊಡನೆ ಮಾತಾಡಬೇಕು: ಮೂರ್ಛೆ ರೋಗ, ಕಣ್ಣಿನ ತೊಂದರೆ, ಹೃದಯದ ಕಾಯಿಲೆ ಇದ್ದವರು, ಗರ್ಭಿಣಿಯರು, ಸಾಯುವ ಯೋಚನೆ ಬರುತ್ತಿರುವವರು, ಕುಡಿತ ಹಿಡಿತದಲ್ಲಿಲ್ಲದವರು. ಕ್ಲೊನಾಜೆಪಾಮ್‌ನಂಥ ಆತಂಕ ತಗ್ಗಿಸುವ ಮಾತ್ರೆ ನುಂಗುತ್ತಿದ್ದರೆ ತಿಳಿಸಿ, ಅದು ಭಾವನೆಯನ್ನು ಮಂಕು ಮಾಡಿ ಚಿಕಿತ್ಸೆಯ ಪರಿಣಾಮ ತಗ್ಗಿಸಬಹುದು. ಆದರೆ ನೀವಾಗಿ ಥಟ್ಟನೆ ನಿಲ್ಲಿಸಬೇಡಿ, ಅದೇ ದೊಡ್ಡ ಅಪಾಯ. ಪೊಲೀಸ್ ಕೇಸು, ಅಪಘಾತ ಪರಿಹಾರದ ದಾವೆ ಇದ್ದರೆ ವಕೀಲರಿಗೂ ಹೇಳಿ: ಚಿಕಿತ್ಸೆಯ ನಂತರ ಚಿತ್ರದ ತೀವ್ರತೆ ಕಡಿಮೆಯಾಗುವುದರಿಂದ ಹೇಳಿಕೆ ಮೊದಲು ದಾಖಲಾಗುವುದು ಒಳ್ಳೆಯದೇ ಎಂದು ಅವರು ನೋಡಬೇಕಾಗುತ್ತದೆ. ‘ಮರೆತ ನೆನಪು ಹೊರಗೆ ತೆಗೆಯುತ್ತೇವೆ’ ಎನ್ನುವವರ ಬಳಿ ಹೋಗಲೇಬೇಡಿ. ಮಕ್ಕಳ ವಿಷಯದಲ್ಲಿ ನೈಸ್ ಹೇಳುವ ಕ್ರಮ ಬೇರೆ, 7ರಿಂದ 17 ವಯಸ್ಸಿನವರಿಗೆ ಮೊದಲು ಟ್ರಾಮಾ ಕೇಂದ್ರಿತ ಸಿಬಿಟಿ, ಅದು ಹಿಡಿಯದಿದ್ದರೆ ಇಎಂಡಿಆರ್. ಇನ್ನು, ನೀರಿನಲ್ಲೋ ಮಣ್ಣಿನಲ್ಲೋ ಹೋದವರ ದೇಹವೇ ಸಿಗದ ಮನೆಗಳಿವೆ. ಆ ದುಃಖವನ್ನು ಈ ಚಿಕಿತ್ಸೆ ಸೊನ್ನೆಗೆ ತರುವುದಿಲ್ಲ, ತರಬೇಕಾಗಿಯೂ ಇಲ್ಲ. ಕೊನೆಯ ಫೋನ್ ಕರೆ, ಹುಡುಕಾಟದ ದಿನಗಳ ಚಿತ್ರ ಬೆಚ್ಚಿಸುವುದು ನಿಂತರೆ ಅಷ್ಟು ಸಾಕು, ಅಂಕಿ ಎರಡರಲ್ಲಿ ನಿಂತರೂ ಒಪ್ಪಿಕೊಳ್ಳಬೇಕು.

ಥೆರಪಿಸ್ಟರನ್ನು ಹೇಗೆ ಪರೀಕ್ಷಿಸುವುದು? ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿಕೊಂಡವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ಮಂಡಳಿಯ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ಅದರ ಮೇಲೆ ಇಎಂಡಿಆರ್ ತರಬೇತಿ ಬೇರೆಯೇ. ಅಮೆರಿಕದ ಇಎಂಡಿಆರ್ ಸಂಘದ ಅಳತೆಯಲ್ಲಿ ಮೂಲ ತರಬೇತಿ 50 ತಾಸು: 20 ಪಾಠ, 20 ಕೈಯಾರೆ ಅಭ್ಯಾಸ, 10 ಹಿರಿಯರೊಡನೆ ಕೇಸುಗಳ ಚರ್ಚೆ. ವಾರಾಂತ್ಯದ ಒಂದು ವೆಬಿನಾರ್ ಸರ್ಟಿಫಿಕೇಟ್ ತರಬೇತಿಯಾಗುವುದಿಲ್ಲ. ಫೋನಿನಲ್ಲೇ ಕೇಳಿ: ಎಲ್ಲಿ ಕಲಿತಿರಿ, ಅಭ್ಯಾಸದ ಭಾಗ ಇತ್ತೇ, ಈಗಲೂ ಹಿರಿಯರ ಮೇಲ್ವಿಚಾರಣೆ ಇದೆಯೇ, ತಯಾರಿಗೆ ಎಷ್ಟು ಸೆಷನ್ ಕೊಡುತ್ತೀರಿ. ಸಿಟ್ಟು ಮಾಡಿಕೊಂಡರೆ ಉತ್ತರ ಸಿಕ್ಕಿತು ಎಂದುಕೊಳ್ಳಿ.

ಮೊದಲ ಬಾಗಿಲು ಸರಕಾರಿಯದೇ ಆಗಲಿ. ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮನೋವೈದ್ಯ ವಿಭಾಗಕ್ಕೋ ರಾಜ್ಯ ಸರಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರ ಬಳಿಗೋ ಹೋಗಿ, ಇದು ಪಿಟಿಎಸ್‌ಡಿಯೇ, ಖಿನ್ನತೆಯೇ, ಎರಡೂ ಇದೆಯೇ ಎಂದು ಖಚಿತ ಮಾಡಿಸಿಕೊಳ್ಳಿ. ಖಿನ್ನತೆ, ಆತಂಕಗಳಿಗೆ ಇಎಂಡಿಆರ್‌ನ ಪುರಾವೆ ಪಿಟಿಎಸ್‌ಡಿಯಷ್ಟು ಗಟ್ಟಿಯಿಲ್ಲ. ಮುಂದಕ್ಕೆ ಮಾನಸಿಕ ಆರೋಗ್ಯ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲದ ಆಸ್ಪತ್ರೆ, ಗಡಿಯ ಆಚೆ ಗೋವಾದ ಬಾಂಬೋಳಿಯ ಮನೋವೈದ್ಯ ಸಂಸ್ಥೆ. ಹೊರಡುವ ಮೊದಲು ಇಎಂಡಿಆರ್ ಮಾಡುವವರು ಈಗ ಅಲ್ಲಿದ್ದಾರೆಯೇ ಎಂದು ಫೋನ್ ಮಾಡಿ ಕೇಳಿ. ತರಬೇತಾದವರು ಬೇರೆಡೆ ಹೋಗಿದ್ದರೆ ಸುಮ್ಮನೆ ಪ್ರಯಾಣ. ಹತ್ತಿರದಲ್ಲಿ ಒಳ್ಳೆಯ ಟ್ರಾಮಾ ಸಿಬಿಟಿ ಸಿಗುವುದಾದರೆ ಇಎಂಡಿಆರ್ ಹುಡುಕಿಕೊಂಡು ಬೆಂಗಳೂರಿಗೆ ಓಡಬೇಕಿಲ್ಲ, ಫಲದಲ್ಲಿ ಎರಡೂ ಹೆಚ್ಚುಕಡಿಮೆ ಸಮ.

ಖಾಸಗಿಯಲ್ಲಿ ಒಂದು ಸೆಷನ್ನಿನ ಶುಲ್ಕ ಕೇಳಿ ಸುಮ್ಮನಾಗಬೇಡಿ. 90 ನಿಮಿಷವನ್ನು ಒಂದು ಎಂದು ಹಿಡಿಯುತ್ತಾರೋ ಒಂದೂವರೆ ಎಂದೋ, ಅದನ್ನು ಹನ್ನೆರಡರಿಂದ ಗುಣಿಸಿ, ಜೊತೆಯವರ ಟಿಕೆಟ್ಟು, ಊಟ, ತಪ್ಪಿದ ಕೂಲಿ ಸೇರಿಸಿ. ಪೂರ್ತಿ ಹಣ ಮುಂಗಡ ಕೇಳುವ ಪ್ಯಾಕೇಜ್ ಬೇಡ. ಎರಡನೇ ಭೇಟಿಯಲ್ಲೇ ಹೊಂದಿಕೆಯಾಗುವುದಿಲ್ಲ ಅನ್ನಿಸಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ನಿಮ್ಮ ವಿಷಯ ಗುಟ್ಟಾಗಿರಬೇಕು, ನಿಮ್ಮ ದಾಖಲೆ ಕೇಳಿ ಪಡೆಯುವ ಹಕ್ಕೂ ನಿಮಗಿದೆ. ನಡುವೆ ಥೆರಪಿಸ್ಟ್ ಬದಲಿಸುವುದಾದರೆ ಯಾವ ನೆನಪು ಮುಗಿದಿದೆ, ಯಾವುದು ಅರ್ಧದಲ್ಲಿದೆ, ಕೊನೆಯ ಅಂಕಿ ಎಷ್ಟು ಎಂಬ ಒಂದು ಪುಟ ಬರೆಸಿಕೊಂಡೇ ಬನ್ನಿ.

ಎರಡು ಸೆಷನ್‌ಗಳ ನಡುವಿನ ಕೆಟ್ಟ ರಾತ್ರಿಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಫೋನಿನಲ್ಲಿ ಉಳಿಸಿಕೊಳ್ಳಿ. ದಿನವಿಡೀ ತೆರೆದಿರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಮುಂದಿನ ಸೆಷನ್ನಿಗೆ ಕಾಯದೆ ಮನೆಯವರನ್ನು ಎಬ್ಬಿಸಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಲ್ಲವೆ 112ಕ್ಕೆ ಕರೆ ಮಾಡಿ.